ನನ್ನನ್ನು ನೆಮ್ಮದಿಯಾಗಿ ಸಾಯಿಸಿದ ಪೇಟಿ ಮಾಸ್ತರು

ಮೊನ್ನೆ ಶಾಲೆಯ ಗ್ಯಾದರಿಂಗಿಗೆಂದು ಮೊಮ್ಮಗಳ ಮುಖಕ್ಕೆ ಬಣ್ಣ ಹಚ್ಚುತ್ತಿದ್ದರು. ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಆ ಬಣ್ಣದ ವಾಸನೆ ಮೂಗಿಗೆ ತಾಗಿದ್ದೇ ತಡ, ನಾನು ಮತ್ತೆ ಯುವರಾಜನಾಗಿ ರಣರಂಗದಲ್ಲಿ ಬಿದ್ದಿದ್ದೆ... ಎದುರಿಗೆ ಹಾರ್ಮೋನಿಯಂ ಹಿಡಿದು ಕುಳಿತ ನಮ್ಮ ಪೇಟಿ ಮಾಸ್ತರು.

ಸಿಂದಗಿ ತಾಲೂಕಿನ ನಮ್ಮ ಪುಟ್ಟ ಊರಿನ ನಾಟಕಗಳಿಗೆಲ್ಲ ಅವರೇ ಗುರು, ಅವರೇ ಕವಿ. ಎತ್ತು ಹೊಡೆಯುವವರನ್ನೂ ಕುರಿ ಕಾಯುವವರನ್ನೂ ಚಕ್ರವರ್ತಿಗಳನ್ನಾಗಿ ಮಾಡುವ ಅಧಿಕಾರ ಆ ಸೀಮೆಯಲ್ಲಿ ಅವರೊಬ್ಬರಿಗೇ ಇತ್ತು. ಆದರೆ ತಮ್ಮ ನಾಟಕ ಮುಗಿದದ್ದನ್ನು ಮಾತ್ರ ಅವರು ಒಮ್ಮೆಯೂ ಕಂಡಿರಲಿಲ್ಲ. ಕಾರಣ, ಆಯೇರಿ. ಪಾತ್ರಧಾರಿಯ ಬೀಗರು ನೆಂಟರು ಆಟದ ನಟ್ಟನಡುವೆ ರಂಗ ಹತ್ತಿ, ಅವನಿಗೆ ಟವೆಲ್ಲು ಹೊದಿಸಿ, ತಮ್ಮ ಹೆಸರು ಕೂಗಿಸಿಕೊಂಡು ಇಳಿಯುವ ಪದ್ಧತಿ. ನನ್ನ ಸೋದರಮಾವ ಹಟ ಹಿಡಿದವರಂತೆ ನಾನು ಸಾಯುವ ಹೊತ್ತಿಗೇ ಬರುತ್ತಿದ್ದರು. ಎದೆಗೆ ಬಾಣ ನೆಟ್ಟ ಯುವರಾಜ ಎದ್ದು, ಟವೆಲ್ಲು ಹೊದ್ದು, ಮಾವನ ಕಾಲಿಗೆರಗಿ ಮತ್ತೆ ಬೀಳಬೇಕು. ಅಷ್ಟರಲ್ಲಿ ಇನ್ನೊಬ್ಬ ಬೀಗರು... ಬೆಳಕು ಹರಿದು ಜನ ಹೊಲದ ಹಾದಿ ಹಿಡಿಯುತ್ತಿದ್ದರು. ನಾನು ಅರ್ಧ ಸತ್ತು ಮನೆಗೆ ಹೋಗುತ್ತಿದ್ದೆ.

ಒಂದು ವರ್ಷ ಮಾಸ್ತರಿಗೆ ದಮ್ಮು ಹೆಚ್ಚಾಯಿತು. ತಾಲೀಮಿನಲ್ಲಿ ಪೇಟಿ ನಿಲ್ಲಿಸಿ ಹೇಳಿದರು: "ಇದು ನಂದು ಕಡೀ ನಾಟಕ. ಮಂಗಳದ ಪದಾ ಹಾಡೇ ಹೋಗ್ತೇನಿ."

ಆಯೇರಿ ನಿಲ್ಲಿಸೋಣವೆಂದರೆ ಮಾವ ಸಿಡಿದರು. "ಅಳಿಯಾ ಸಾಯಾಕತ್ತಾನ, ನಾ ಸುಮ್ನ ಕುಂತ್ರ ಮಂದಿ ಏನಂದಾರ್ರಿ?"

ಮಾಸ್ತರು ವಾದಕ್ಕಿಳಿಯಲಿಲ್ಲ. ನಾಟಕದ ಮೊದಲಿಗೆ ಹೊಸದೊಂದು ದರ್ಬಾರ್ ಸೀನು ಬರೆದರು: ಸಾಮಂತ ರಾಜರು ಬಂದು ಕಪ್ಪಕಾಣಿಕೆ ಒಪ್ಪಿಸುವುದು. ಸಾಮಂತರೆಂದರೆ ಬೀಗರೇ, ಒಬ್ಬರನ್ನೂ ಬಿಡದೆ. ಮಾವ ಕಿರೀಟ ಧರಿಸಿ ಬಂದು, ಟವೆಲ್ಲನ್ನು ಅರ್ಧ ರಾಜ್ಯವೆಂಬಂತೆ ನನಗೆ ಒಪ್ಪಿಸಿ, ಕಿರೀಟ ತೆಗೆಯದೆಯೇ ಇಳಿದು ಜನರ ನಡುವೆ ಕುಳಿತರು.

ನಾನು ಬಾಣ ತಿಂದು ಬಿದ್ದಾಗ ಆ ಕಿರೀಟ ರೂಢಿಯಂತೆ ಮೇಲೆದ್ದಿತು. ಪಕ್ಕದಿಂದ ಅತ್ತೆಯ ದನಿ: "ಕುಂದರ್ರಿ ಸುಮ್ನ. ಸಾಯ್ಲಿ ಅಂವಾ."

ಕಿರೀಟ ಕೂತಿತು. ನಾನು ಸತ್ತೆ. ಊರು ಮಿಸುಕಲಿಲ್ಲ. ಕಣ್ಣು ಮುಚ್ಚಿದ್ದ ನನಗೆ ಹೆಂಗಸರು ಅತ್ತು ಮೂಗೇರಿಸುವುದು ಕೇಳಿಸುತ್ತಿತ್ತು. ಮಂಗಳದ ಪದ ನಮಗಾರಿಗೂ ಬರುತ್ತಿರಲಿಲ್ಲ. ಅಲ್ಲಿಯವರೆಗೆ ಹೋಗಿದ್ದವರಾದರೂ ಯಾರು? ಮಾಸ್ತರೊಬ್ಬರೇ ಹಾಡಿದರು. ದಮ್ಮು ಕಟ್ಟಿದಲ್ಲಿ ಪೇಟಿ ಹಾಡಿತು. ಊರಿಗೆ ಊರೇ ಎದ್ದು ನಿಂತಿತು... ಹೆಣವೂ.

ಮುಂದಿನ ನಾಟಕಕ್ಕೆ ಅವರಿರಲಿಲ್ಲ. ಅವರು ಕೂರುತ್ತಿದ್ದಲ್ಲಿ ಈಗ ಕೀಬೋರ್ಡು ಇದೆ. ಹುಡುಗರು ಪೊಲೀಸರ ಕಥೆ ಆಡಿದರೂ ಮೊದಲು ದರ್ಬಾರ್ ಆಗಲೇಬೇಕು. ಇದನ್ನು ಸೇರಿಸಿದವರು ಯಾರು ಗೊತ್ತೇ ಎಂದು ಈ ವರ್ಷ ಆ ಹುಡುಗರನ್ನು ಕೇಳಿದೆ.

"ಯಾರ ಸೇರಿಸ್ತಾರ್ರಿ? ಅದು ಮೊದಲಿಂದ್ಲೂ ಐತಿ" ಎಂದರು.