ಮೋಟಾರಿನ ಬುಡಕ್ಕೆ ಮುಕ್ಕಾಲಿ

ಹೋದ ಭಾನುವಾರ ಯಾದಗಿರಿಯ ನಮ್ಮ ಮನೆಗೆ ಒಂದು ಭಾರದ ಪೆಟ್ಟಿಗೆ ಬಂತು. ಮೊಮ್ಮಗಳು ಸುಮಾ ಅದರ ಬಾಯಿ ಬಿಚ್ಚಿದ್ದೇ ತಡ, ಹೊಸ ಕಬ್ಬಿಣಕ್ಕೆ ಸವರಿದ ಎಣ್ಣೆಯ ವಾಸನೆ ಅಂಗಳ ದಾಟಿ, ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದ ನನ್ನ ಮೂಗಿಗೆ ಬಡಿಯಿತು. ನನ್ನ ಕಿವಿ ಅರ್ಧ ಹೋಗಿದೆ, ಕಣ್ಣು ಮುಕ್ಕಾಲು ಹೋಗಿದೆ. ಮೂಗು ಮಾತ್ರ ಇನ್ನೂ ಇಡಿಯಾಗಿ ನೌಕರಿ ಮಾಡುತ್ತಿದೆ. ಮೊರ ಬದಿಗಿಟ್ಟು ಎದ್ದು ಹೋದೆ.

ಪೆಟ್ಟಿಗೆಯಲ್ಲಿದ್ದವು ಎರಡು ಕಬ್ಬಿಣದ ಸ್ಟ್ಯಾಂಡು. ಕಾರನ್ನು ಜಾಕಿನಿಂದ ಎತ್ತಿದ ಮೇಲೆ ಬುಡಕ್ಕೆ ಆಸರೆ ಕೊಡುವಂಥವು. ಸುಮಾ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಸೂಟಿಯ ದಿನ ತನ್ನ ಹಳೆಯ ಕಾರಿನ ಎಣ್ಣೆ ತಾನೇ ಬದಲಿಸುತ್ತೇನೆಂದು ಹಟ ಹಿಡಿದವಳು. ನನ್ನನ್ನು ನೋಡಿ, "ಆಯಿ, ಇವು ಏನಂತ ಗೊತ್ತದೇನು ನಿನಗ?" ಎಂದು ನಕ್ಕಳು.

ಕೇಳಿದ್ದು ಯಾರನ್ನು, ನೋಡಿ! ನನ್ನ ಇಡೀ ಆಯುಷ್ಯದಲ್ಲಿ ನಾನು ಮಾಡಿದ ಪರಾಕ್ರಮ ಅಂತ ಇರುವುದು ಒಂದೇ, ಮತ್ತು ಅದು ಇದೇ ವಸ್ತುವಿನದು. ನೀವು ಸಾವಕಾಶ ಕೂತುಕೊಳ್ಳಿ, ಹೇಳುತ್ತೇನೆ. ಸ್ವಲ್ಪ ಜಂಭ ಕಂಡರೆ ನಡೆಸಿಕೊಳ್ಳಿ, ಈ ವಯಸ್ಸಿಗೆ ಅದೊಂದೇ ಪಥ್ಯವಿಲ್ಲದ ತಿನಿಸು.

ನಿಜಾಮರ ಆಳಿಕೆ ಮುಗಿದು, ನಮ್ಮ ಸೀಮೆ ಹಿಂದುಸ್ತಾನದಲ್ಲಿ ಕೂಡಿಕೊಂಡ ಹೊಸತು. ನಾನು ಮದುವೆಯಾಗಿ ಸುರಪುರಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮ ಯಜಮಾನರು ವಕೀಲರು. ಹೈದರಾಬಾದಿನಲ್ಲಿ ಉರ್ದುವಿನಲ್ಲಿ ಕಾನೂನು ಓದಿ ಬಂದಿದ್ದರು. ಬಂದು ನೋಡಿದರೆ ಕಚೇರಿಯ ಕಾಗದಪತ್ರವೆಲ್ಲ ಭಾಷೆ ಬದಲಿಸುತ್ತಿತ್ತು. ಹಳೆಯ ಕಾಯಿದೆ ಹೋಗಿ ಹೊಸದು ಬರುವ ನಡುವೆ ಅವರಿಗೆ ಕೈತುಂಬ ಬಿಡುವು. ಬಿಡುವಿರುವ ಗಂಡಸು ಮನೆಯಲ್ಲಿದ್ದರೆ ಏನಾಗುತ್ತದೆಂದು ಸಂಸಾರ ಮಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಆಗ ಊರು ಬಿಟ್ಟು ಹೈದರಾಬಾದಿಗೆ ಹೊರಟ ಒಬ್ಬ ಜಹಗೀರದಾರರು, ನಮ್ಮ ಮಾವನವರ ಸ್ನೇಹಿತರು, ಎರಡು ವರ್ಷದಿಂದ ಅಲುಗದೆ ನಿಂತ ತಮ್ಮ ಮೋಟಾರನ್ನು ಓಡಿಸಬಲ್ಲವರಾದರೆ ಇಟ್ಟುಕೊಳ್ಳಿ ಎಂದು ನಮ್ಮ ಯಜಮಾನರಿಗೆ ಕೊಟ್ಟು ಹೋದರು. ನಾಲ್ಕು ಎತ್ತು ಕಟ್ಟಿ ಎಳೆಸಿಕೊಂಡು ಬಂದು ನಮ್ಮ ಅಂಗಳದ ಬೇವಿನ ಮರದ ಕೆಳಗೆ ನಿಲ್ಲಿಸಿದರು. ಒಳಗೆ ಕೋಳಿ ಮೊಟ್ಟೆ ಇಟ್ಟಿದ್ದವು. ಇವರಂತೂ ರಾಜ್ಯ ಗೆದ್ದವರ ಹಾಗೆ ಅದರ ಸುತ್ತ ಮೂರು ಸಲ ತಿರುಗಿದರು. ಹೈದರಾಬಾದಿನಲ್ಲಿ ಗೆಳೆಯನ ಮನೆಯ ಡ್ರೈವರು ರಿಪೇರಿ ಮಾಡುವುದನ್ನು ನೋಡಿ ಕಲಿತಿದ್ದರಂತೆ. ನೋಡಿ ಕಲಿತ ವಿದ್ಯೆ ಎಷ್ಟು ಎಂಬುದು ಮರುದಿನವೇ ತಿಳಿಯಿತು.

ಮೋಟಾರಿನ ಜೊತೆ ಒಂದು ಜಾಕು ಬಂದಿತ್ತು. ಅದರಿಂದ ಮುಂದಿನ ಭಾಗ ಎತ್ತಿದರು. ಎತ್ತಿ ಹಾಗೇ ಬಿಡಬಾರದು, ಬುಡಕ್ಕೆ ಏನಾದರೂ ಕೊಡಬೇಕು ಎಂಬಷ್ಟು ಅವರಿಗೂ ಗೊತ್ತಿತ್ತು. ಏನು ಕೊಟ್ಟರು ಗೊತ್ತೇ? ಪರಸಿ! ನಮ್ಮ ಕಡೆಯ ಹಾಸುಗಲ್ಲು. ನಗಬೇಡಿ. ನಮ್ಮ ಸೀಮೆಯವರು ಹುಟ್ಟುವುದೇ ಪರಸಿಯ ಮೇಲೆ. ನೆಲಕ್ಕೆ ಪರಸಿ, ಮಾಳಿಗೆಗೆ ಪರಸಿ, ಅರಿಬಿ ಒಗೆಯಲು ಪರಸಿ, ಅಡುಗೆಮನೆಯ ಡಬ್ಬಿ ಇಡಲು ಗೋಡೆಯೊಳಗೆ ಸಿಗಿಸಿದ ಪರಸಿ. ಮಾಳಿಗೆಯ ಮಣ್ಣು ಹೊತ್ತು ಅಜ್ಜ ಮುತ್ತಜ್ಜರನ್ನು ಕಾಪಾಡಿದ ಕಲ್ಲು ಒಂದು ಮೋಟಾರು ಹೊರಲಾರದೇ ಎಂದು ಇವರ ವಾದ. ನಾಲ್ಕು ತುಂಡು ಒಂದರ ಮೇಲೊಂದು ಒಟ್ಟಿ, ಅದರ ಮೇಲೆ ಮೋಟಾರು ಇಳಿಸಿ, ಧೋತರ ಎತ್ತಿ ಕಟ್ಟಿ, ಚಾಪೆ ಹಾಸಿ ಕೆಳಗೆ ತೂರಲು ತಯಾರಾದರು.

ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಹೊರಗೆ ಓಡಿದೆ. ನನ್ನ ತವರು ವಡಗೇರಾ ಕಡೆ. ಅಪ್ಪನಿಗೆ ಎರಡು ಬಂಡಿ. ಗಾಲಿ ಕಳಚಿ ಅಚ್ಚಿಗೆ ಎಣ್ಣೆ ಹಚ್ಚುವ ದಿನ ನಮ್ಮ ಮನೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ಬಂಡಿಗೆ ಆಸರೆ ಕೊಟ್ಟ ಮೇಲೆ ಬುಡಕ್ಕೆ ಕೈ ಹಾಕುವವನು ತಾನೇ ಅಳ್ಳಾಡಿಸಿ ನೋಡುವಂತಿಲ್ಲ. ಅವನಿಗೆ ಕೆಲಸ ಮುಗಿಸುವ ಅವಸರ ಇರುತ್ತದೆ, ಮೆತ್ತಗೆ ದೂಡಿ ಸೈ ಅಂದುಬಿಡುತ್ತಾನೆ. ಅವನು ಯಾರಿಗೆ ಬೇಕೋ ಅವರು ಬಂದು ದೂಡಬೇಕು. ಅಪ್ಪ ಕೆಳಗೆ ಕೂರುವ ದಿನ ಅವ್ವ ಬಂದು ಮೈಯೆಲ್ಲ ಭಾರ ಹಾಕಿ ದೂಡುತ್ತಿದ್ದಳು. ಅವಳು "ಹೂಂ" ಅನ್ನುವವರೆಗೆ ಅಪ್ಪ ಬೀಡಿ ಸೇದುತ್ತ ನಿಂತಿರುತ್ತಿದ್ದ.

ನಾನು ದೂಡುತ್ತೇನೆ ಎಂದಾಗ ಇವರು ನಕ್ಕರು. ಬಂಡಿ ಬೇರೆ ಮೋಟಾರು ಬೇರೆ ಎಂದು ಒಂದು ಸಣ್ಣ ಭಾಷಣವನ್ನೂ ಮಾಡಿದರು. ಭಾಷಣ ಮುಗಿಯುವ ಮೊದಲೇ ನಾನು ಸೊಂಟ ಕೊಟ್ಟು ದೂಡಿದೆ. ಮೇಲಿನ ಪರಸಿ ಹಪ್ಪಳ ಮುರಿದ ಹಾಗೆ ಮುರಿಯಿತು. ಅದರ ಹಿಂದೆಯೇ ಉಳಿದವು. ಮೋಟಾರು ಧಡ್ ಅಂತ ಚಾಪೆಯ ಮೇಲೆ ಕೂತಿತು. ಒಂದು ನಿಮಿಷ ತಡವಾಗಿದ್ದರೆ ಆ ಚಾಪೆಯ ಮೇಲೆ ನನ್ನ ಗಂಡನ ಎದೆ ಇರುತ್ತಿತ್ತು.

ಜೀವ ಉಳಿಯಿತೆಂದು ಕೈ ಮುಗಿದರೇ? ಎಲ್ಲಿಂದ! ಓಣಿಯವರು ಕೂಡಿ, ವಕೀಲರ ಮೋಟಾರನ್ನು ಹೆಂಡತಿ ಕೆಡವಿದಳು ಎಂದು ಆಡಿಕೊಂಡರು. ಇವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೂರನೆಯ ದಿನ ನೋಡಿದರೆ ಬೇರೆ ಪರಸಿ ಹೊರಿಸಿಕೊಂಡು ಬರುತ್ತಿದ್ದಾರೆ, ಈ ಸಲ ದಪ್ಪನೆಯವು. ಗಂಡಸರ ಬುದ್ಧಿ ಮೇಲೆ ನನಗೆ ಅವತ್ತು ಉಂಟಾದ ಸಂಶಯ ಇವತ್ತಿಗೂ ಪೂರ್ತಿ ಹೋಗಿಲ್ಲ.

ನಾನು ಚಾಪೆ ಸುತ್ತಿ ಅದರ ಮೇಲೆ ಕೂತುಬಿಟ್ಟೆ. ಆಸರೆ ನಾನು ಆರಿಸಿ ತರುತ್ತೇನೆ, ಅಲ್ಲಿಯತನಕ ಏಳುವುದಿಲ್ಲ ಎಂದೆ. ಹೊಸ ಸೊಸೆ, ಅಂಗಳದ ನಡುವೆ, ಮಾವನವರ ಎದುರಿಗೇ. ಈಗ ನೆನೆದರೆ ನನಗೇ ಹೆದರಿಕೆಯಾಗುತ್ತದೆ. ಮಾವನವರು ಎಲೆ ಅಡಿಕೆ ಮೆಲ್ಲುತ್ತ, ಹೋಗಿ ಬರಲಿ ಬಿಡು ಎಂದು ಮಗನಿಗೆ ಹೇಳಿದರು.

ಊರ ಹೊರಗೆ ಕಮ್ಮಾರ ಇಮಾಮಸಾಬರ ಕುಲುಮೆ. ಬಂಡಿಯ ಗಾಲಿಗೆ ಪಟ್ಟಿ ಕಟ್ಟುವುದರಲ್ಲಿ ಎತ್ತಿದ ಕೈ. ನಾನು ಹೇಳಿದ್ದು ಇಷ್ಟು: ಒಂಟಿ ಕಾಲಿನದು ಬೇಡ, ಬಂಡಿಗೆ ಸರಿ, ಮೋಟಾರಿಗೆ ಓರೆಯಾಗುತ್ತದೆ. ನಾಲ್ಕು ಕಾಲಿನದು ನಮ್ಮ ಅಂಗಳದ ಏರಿಳಿವಿನಲ್ಲಿ ಕುಣಿಯುತ್ತದೆ. ಮೂರು ಕಾಲು ಬೇಕು, ಅಗಲಕ್ಕೆ ಚಾಚಿದ್ದು. ಕಾಲಿನ ತುದಿ ಮಣ್ಣಿಗೆ ಇಳಿಯದ ಹಾಗೆ ಅಡಿಗೆ ತಗಡು. ತಲೆ ಮಟ್ಟಸವಾಗಿದ್ದರೆ ಅಚ್ಚು ಜಾರುತ್ತದೆ, ಬೊಗಸೆಯ ಹಾಗೆ ತಗ್ಗಿರಲಿ. ಅವರು ಗಡ್ಡ ನೀವಿಕೊಂಡು ಕೇಳುತ್ತಲೇ ಇದ್ದರು. ಕೈ ಒಂದು ಹಳೆಯ ಪಟ್ಟಿಯ ಮೇಲಿತ್ತು.

"ಬೇಟಿ, ಎಷ್ಟು ವಜನ ತಡೀಬೇಕವ್ವ ಇದು?"

"ವಜನ ನನಗ ಗೊತ್ತಿಲ್ರಿ ಚಾಚಾ. ಇದರ ಬುಡಕ ನಮ್ಮನಿಯವರು ಮಕ್ಕೊಂತಾರ."

ಇಮಾಮಸಾಬರು ಆ ಪಟ್ಟಿಯನ್ನು ಮೂಲೆಗೆ ಎಸೆದರು. ಒಳಗೆ ಹೋಗಿ ಅದರ ಎರಡರಷ್ಟು ದಪ್ಪದ್ದು ಹೊತ್ತು ತಂದರು.

ನಾಲ್ಕು ದಿನಕ್ಕೆ ಎರಡು ಮುಕ್ಕಾಲಿ ತಯಾರಾದವು. ಮನೆಗೆ ಕಳಿಸುವ ಮೊದಲು ಕಲ್ಲು ಹೇರಿದ ಬಂಡಿಯೊಂದನ್ನು ಅವುಗಳ ಮೇಲೆ ಒಂದು ಹಗಲು ಪೂರ್ತಿ ಕೂರಿಸಿ ನೋಡಿದರಂತೆ. ಇವರು ಮುಕ್ಕಾಲಿಗಳನ್ನು ನೋಡಿ, ದೇವರ ಗುಡಿ ಹೊರಬೇಕೇನು ಇವು ಎಂದು ಹಂಗಿಸಿದರು. ಮೋಟಾರು ಎತ್ತಿ, ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಎರಡೂ ಬದಿ ಮುಕ್ಕಾಲಿಯ ಮೇಲೆ ಇಳಿಸಿದ ಮೇಲೆ ಮೂರು ಕಡೆಯಿಂದ ದೂಡಿದೆ. ಮೋಟಾರು ಮಿಸುಕಲಿಲ್ಲ. "ಹೂಂ, ಹೋಗ್ರಿ" ಎಂದೆ. ಅಂದ ಮೇಲೂ ಎರಡು ಮುಕ್ಕಾಲಿಯ ಕಾಲು ಮತ್ತೊಮ್ಮೆ ಎಣಿಸಿದೆ ಎಂಬುದನ್ನು ಇವತ್ತು ನಿಮ್ಮ ಮುಂದೆ ಮಾತ್ರ ಒಪ್ಪಿಕೊಳ್ಳುತ್ತಿದ್ದೇನೆ.

ಒಂದು ವಾರ ಕೆಲಸ ನಡೆಯಿತು. ಒಂದು ಮುಂಜಾನೆ ತುಕ್ಕು ಹಿಡಿದ ಒಂದು ನಟ್ಟು ಬಿಚ್ಚಲು ಎಟಕುತ್ತಿಲ್ಲವೆಂದು, ಮುಕ್ಕಾಲಿ ತೆಗೆಯದೆ, ಜಾಕಿನಿಂದ ಇನ್ನಷ್ಟು ಎತ್ತಿ ಕೆಳಗೆ ಹೋದರು. ನಾನು ಬೇವಿನ ನೆರಳಲ್ಲಿ ಕಾಯಿಪಲ್ಯ ಸೋಸುತ್ತಿದ್ದೆ. ಸುತ್ತಿಗೆಯ ನಾಲ್ಕನೆಯ ಏಟಿಗೆ ಜಾಕು ಜಾರಿ ಮಗ್ಗುಲಾಯಿತು. ಮೋಟಾರು ಕುಸಿದ ಸದ್ದಿಗೆ ಮರದ ಹಕ್ಕಿಗಳೆಲ್ಲ ಎದ್ದವು. ಹೊರಗೆ ಕಾಣುತ್ತಿದ್ದ ಅವರ ಎರಡು ಕಾಲು ಅಲ್ಲಾಡಲಿಲ್ಲ. ನಾನು ಕಾಯಿಪಲ್ಯ ಚೆಲ್ಲಿ ಓಡಿದೆ.

ಮೋಟಾರು ಇಳಿದದ್ದು ಎರಡು ಬೆರಳಷ್ಟು. ಇಳಿದು ಇಮಾಮಸಾಬರ ಬೊಗಸೆಯಲ್ಲಿ ಕೂತಿತ್ತು. ಆಮೇಲೆ ಒಳಗಿಂದ ದನಿ ಬಂತು.

"ಏನೂ ಆಗಿಲ್ಲ. ಪಾನಾ ಆಕಡಿ ಬಿದ್ದದ, ಈಟು ಸರಸು."

ನಟ್ಟು ಬಿಚ್ಚುವ ಆ ಪಾನಾ ಸರಿಸುವುದೇನು, ಅದನ್ನು ಅವರ ಮೇಲೆಯೇ ಬೀಸಿ ಒಗೆಯಬೇಕೆನ್ನಿಸಿತು. ಅಳುತ್ತಲೇ ಸರಿಸಿದೆ. ಅವರು ಆ ನಟ್ಟು ಬಿಚ್ಚಿಯೇ ಹೊರಬಂದರು. ಬಂದು ಎರಡೂ ಮುಕ್ಕಾಲಿ ಮುಟ್ಟಿ ನೋಡಿದರು. ಬಾಗಿಲಲ್ಲಿ ಕೂಡಿದ್ದ ಓಣಿಯವರ ಕಡೆ ತಿರುಗಿ, ಪರಸಿ ಇಟ್ಟವನು ತಾನು, ಇವನ್ನು ತಂದವಳು ಈಕೆ ಎಂದು ಕೋರ್ಟಿನ ದನಿಯಲ್ಲಿ ಹೇಳಿದರು. ಅಷ್ಟು ಗಟ್ಟಿಯಾಗಿ ಅವರು ಯಾವ ಖಟ್ಲೆಯನ್ನೂ ವಾದಿಸಿರಲಿಕ್ಕಿಲ್ಲ.

ತಿಂಗಳೊಪ್ಪತ್ತಿನಲ್ಲಿ ಮೋಟಾರು ಓಡಿತು. ಶಹಾಪುರಕ್ಕೆ ಹೋಗಿ ಬಂದೆವು. ಮುಂದಿನ ಸೀಟಿನಲ್ಲಿ ನಾನು, ಹಿಂದೆ ಜರತಾರಿ ಟೊಪ್ಪಿಗೆ ಹಾಕಿಕೊಂಡ ಇಮಾಮಸಾಬರು. ದಾರಿಯಲ್ಲಿ ಸಿಕ್ಕ ಕುರಿ ಕಾಯುವವರಿಗೆಲ್ಲ ಅವರು ಒಳಗಿಂದ ಸಲಾಮು ಮಾಡುತ್ತ ಬಂದರು. ಅವತ್ತಿನಿಂದ ಮುಂದೆ ಎಷ್ಟು ಮೋಟಾರು ಬಂದವು, ಹೋದವು. ಪ್ರತಿ ಸಲ ನಾನು ದೂಡಿ "ಹೂಂ" ಅಂದ ಮೇಲೆಯೇ ನಮ್ಮ ಯಜಮಾನರು ಕೆಳಗೆ ಹೋದರು. ಎಂಬತ್ತು ದಾಟಿದ ಮೇಲೆ, ಹಾಸಿಗೆಯ ಮೇಲೆ, ಮಕ್ಕಳು ಮೊಮ್ಮಕ್ಕಳ ನಡುವೆ ಹೋದರು, ಮೋಟಾರಿನ ಬುಡದಲ್ಲಿ ಅಲ್ಲ. ನಾನು ಗೆದ್ದೆ ಎನ್ನುವುದು ಇದಕ್ಕೇ.

ಸುಮಾ ಇದನ್ನೆಲ್ಲ ಕೇಳಿ, ತನ್ನ ಸ್ಟ್ಯಾಂಡುಗಳನ್ನು ನನ್ನ ಮುಂದೆ ಪರೀಕ್ಷೆಗೆ ಇಟ್ಟಳು. ಅಗಲ ಸೈ, ತಲೆಯ ತಗ್ಗು ಸೈ, ಎತ್ತರ ಹಿಡಿದು ನಿಲ್ಲಿಸುವ ಗೂಟ ದಪ್ಪ, ಎಲ್ಲ ಸೈ. ಕಾರು ಎತ್ತಿ ಇಳಿಸಿದಳು. ನಾನು ದೂಡಲು ಹೋದೆ. ಆದರೆ ಏನು ತಿಳಿಯಿತೋ, ಕೈ ಹಿಂದೆ ತೆಗೆದೆ. ಐವತ್ತು ವರ್ಷಕ್ಕಿಂತ ಹೆಚ್ಚು ಕಾಲ ದೂಡಿದೆನಲ್ಲ, ಒಂದು ಸಲವೂ ಕೆಳಗೆ ಹೋಗಿ ನೋಡಿರಲಿಲ್ಲ. "ನೀ ದೂಡು" ಎಂದೆ ಅವಳಿಗೆ. ಅವಳು ಗಾಬರಿಯಾಗಿ ನೋಡಿದಳು, ಆಮೇಲೆ ದೂಡಿದಳು. ಹಗುರವಾಗಿ ಅಲ್ಲ, ಹಲ್ಲು ಕಚ್ಚಿ, ಮೂರು ಕಡೆಯಿಂದ. "ಹೂಂ" ಎಂದಳು.

ಸೀರೆ ಸೆಕ್ಕಿಕೊಂಡು, ಚಾಪೆಯ ಮೇಲೆ ಮಲಗಿ, ಸೊಂಟವನ್ನು ಬೈಯುತ್ತ ಒಳಗೆ ಸರಿದೆ. ಮೇಲೆ ಕರಿಯ ಕೊಳವೆಗಳು, ಒಣಗಿದ ಕೆಸರು, ನಟ್ಟುಗಳು. ಇದನ್ನು ನೋಡುವುದಕ್ಕೆ ಆ ಮನುಷ್ಯ ಅಷ್ಟು ಒದ್ದಾಡಿದನೇ ಎಂದುಕೊಂಡು ಕತ್ತು ಹೊರಳಿಸಿದೆ. ಅಲ್ಲಿಂದ ಹೊರಗಿನದು ಏನೂ ಕಾಣುವುದಿಲ್ಲ, ಕಾಯುತ್ತ ನಿಂತವರ ಪಾದ ಬಿಟ್ಟು. ಸುಮಾಳ ಎರಡು ಪಾದ ನನ್ನ ಮಗ್ಗುಲಿಗೇ ಇದ್ದವು. ಅಲುಗದೆ ನಿಂತಿದ್ದವು. ಇವರು ಅಷ್ಟು ವರ್ಷ ಇಲ್ಲಿ ಮಲಗಿ ನೋಡಿದ್ದು ನನ್ನ ಪಾದಗಳನ್ನು.

"ಆಯಿ, ಸಾಕಿನ್ನ, ಹೊರಗ ಬಾ" ಎಂದಳು ಸುಮಾ.

"ಈಟು ತಡಿ" ಎಂದೆ. "ಇನ್ನೂ ನೋಡಾಕತ್ತೀನಿ."