ಹಲ್ಲಿದ್ದೂ ಅಗಿಯದ ಜೀವ

ಖಡಕ್ ಸಜ್ಜೆ ರೊಟ್ಟಿ ಮುರಿಯುವ ಸದ್ದು ಹಲ್ಲಿದ್ದವರ ಕಿವಿಗೆ ಸಂಗೀತ; ಹಲ್ಲಿಲ್ಲದವರಿಗೆ ಶುದ್ಧ ಅಪಹಾಸ್ಯ. ನನ್ನ ದವಡೆಯ ಕೊನೆಯ ಆಧಾರಸ್ತಂಭವೂ ದಂತವೈದ್ಯರ ಇಕ್ಕಳಕ್ಕೆ ಶರಣಾದ ಮೇಲೆ ಈ ಜ್ಞಾನೋದಯವಾಯಿತು. ಕೂಡಲೇ ನೆನಪಾದವರು ಕುಬಿಹಾಳದ ಗಂಗವ್ವನವರು.

ಎಂಬತ್ತರ ದಶಕದಲ್ಲಿ ನಾನು ಸಂಶಿಯ ಶಾಲೆಗೆ ಸೈಕಲ್ ತುಳಿಯುತ್ತಿದ್ದ ವಿಜ್ಞಾನದ ಮಾಸ್ತರ. ಅವರ ಮನೆಯ ಹೊರಕೋಣೆ ನನ್ನ ವಾಸಸ್ಥಾನ, ಅವರ ಅಡುಗೆಮನೆ ನನ್ನ ಪುಣ್ಯಕ್ಷೇತ್ರ. ಪಡಸಾಲೆಯಲ್ಲಿ ಎಲ್ಲರನ್ನೂ ಸಾಲಾಗಿ ಕೂಡಿಸಿ, ತಾವೂ ನಡುವೆ ಕೂತು, ಬಾಜು ಇದ್ದವರ ತಾಟಿಗೆ ಬೆಣ್ಣೆ ಹಾಕುತ್ತ ಉಣ್ಣುವ ಗತ್ತಿನ ಹೆಂಗಸು. ಒಂದು ಮಳೆಗಾಲದಲ್ಲಿ ಹಲ್ಲೆಲ್ಲ ಹೋದದ್ದೇ ತಡ, ಪಂಕ್ತಿ ಬಿಟ್ಟರು. ಅಡುಗೆಮನೆಯ ಬಾಗಿಲ ಹಿಂದೆ ಸೆರಗು ಅಡ್ಡ ಹಿಡಿದು, ಹಾಲಲ್ಲಿ ರೊಟ್ಟಿ ಕಿವುಚಿಕೊಂಡು ಒಬ್ಬರೇ ಉಣ್ಣತೊಡಗಿದರು. ಎಳ್ಳಮಾವಾಸ್ಯೆಗೆ ಇಡೀ ಮನೆ ಹೊಲಕ್ಕೆ ಹೋಗಿ, ಭೂಮಿತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲಿ, ಅಲ್ಲೇ ಉಣ್ಣುವುದು ವಾಡಿಕೆ. "ನಾ ಒಲ್ಲೆ. ಮಂದಿ ನಡುವ ಬೊಚ್ಚಬಾಯಿ ಆಡಸ್ಕೋತ ಕುಂಡರ್ಲೇನು?" ಎಂದುಬಿಟ್ಟರು. ಅವರಿಲ್ಲದ ಚರಗ ಅದೆಂಥದ್ದು, ನೀವೇ ಹೇಳಿ! ಮಗ ಬಸಪ್ಪನಿಗೆ ಅನ್ನ ಇಳಿಯದಾಯಿತು.

ಹಬ್ಬದ ಹಿಂದಿನ ಮಧ್ಯಾಹ್ನ, ಊಟದ ಸಾಲಿನ ಮೌನ ತಡೆಯಲಾರದೆ, ಎಲ್ಲಿ ಕೂತರೂ ಪಾಠ ಹೇಳುವ ಚಟದ ನಾನು ಡಾಲ್ಫಿನ್ ಪ್ರಸ್ತಾಪ ತೆಗೆದೆ. ಅದಕ್ಕೆ ಬಾಯ್ತುಂಬ ಹಲ್ಲು, ಆದರೆ ಹಿಡಿಯಲಷ್ಟೇ, ಅಗಿಯಲಲ್ಲ. ಮುಳ್ಳು ಚುಚ್ಚದಂತೆ ಮೀನನ್ನು ತಲೆ ಮುಂದಾಗಿ ತಿರುಗಿಸಿ ಇಡಿಯಾಗಿ ನುಂಗುತ್ತದೆ ಎನ್ನುತ್ತಿದ್ದಂತೆ ಸೊಸೆ ಸೌಟು ಕೆಳಗಿಟ್ಟಳು. ಲಿಂಗಪೂಜೆಯಾಗದೆ ನೀರೂ ಕುಡಿಯದ ಮನೆಯ ಪಂಕ್ತಿಯಲ್ಲಿ ನಾನು ಮೀನು ಬಡಿಸಿದ್ದೆ! ಕೋಣೆ ಖಾಲಿ ಮಾಡುವುದೇ ಗತಿ ಎಂದುಕೊಂಡೆ.

ಬಾಗಿಲ ಹಿಂದಿನಿಂದ ಗಂಗವ್ವನವರ ದನಿ ಬಂತು: "ಮಾಸ್ತರ, ಹಂಗಾದ್ರ ಅದನ್ನ ನುಣ್ಣಗ ಮಾಡೋರು ಯಾರ್ರಿ?"

"ಹೊಟ್ಟೀರಿ, ಅವ್ವಾರ. ಒಳಗ ಒಂದರ ಹಿಂದೊಂದು ಚೀಲ ಅದಾವು. ಮೊದಲನೇದು ಹಿಸುಕಿ ನುರಸ್ತೈತಿ, ಅದರ ಮುಂದಿಂದು ರಸ ಬಿಟ್ಟು ಕರಗಸ್ತೈತಿ."

"ನಮ್ಮ ಆಕಳದ ಹಂಗ?"

"ಚೀಲ ಹಂಗರಿ. ಆದ್ರ ಮೆಲುಕು ಹಾಕೂದಿಲ್ಲ."

"ಹಲ್ಲಿದ್ದೂ ನುಂಗೂದಂದ್ರ... ನಾಚಿಕಿ ಇಲ್ಲೇನು ಅದಕ್ಕ?"

"ಇಲ್ಲರಿ. ಹಿಂಡು ಕಟ್ಕೊಂಡು ಎಲ್ಲಾರ ಕೂಡ ಉಣ್ತೈತಿ."

ನಾನು ಬೇಗ ಬೇಗ ಊಟ ಮುಗಿಸಿ ಎದ್ದೆ.

ಮರುದಿನ ಚಕ್ಕಡಿ ಹೂಡುವ ಹೊತ್ತಿಗೆ ಗಂಗವ್ವನವರು ರೊಟ್ಟಿ ಬುಟ್ಟಿ ಹಿಡಿದು ಎಲ್ಲರಿಗಿಂತ ಮೊದಲೇ ಏರಿ ಕೂತಿದ್ದರು! ಹೊಲದಲ್ಲಿ ಸಾಲಿನ ನಟ್ಟನಡುವೆ ಕೂತು, ಸಜ್ಜೆ ರೊಟ್ಟಿಯನ್ನು ಮೊಸರಲ್ಲಿ ನೆನೆಸಿ, ಸೆರಗಿನ ಹಂಗಿಲ್ಲದೆ ನುಂಗಿದರು. ಬಾಜು ಹೊಲದವಳೊಬ್ಬಳು ಕಿಸಕ್ಕೆಂದಾಗ, "ನಗಬ್ಯಾಡ ಬೇ, ಬಾಯಿ ಕೆಲಸ ಹೊಟ್ಟಿಗೆ ವಹಿಸೇನಿ" ಎಂದರು. ಬಸಪ್ಪ ಅವತ್ತು ಹೊಟ್ಟೆ ಬಿರಿಯೆ ಉಂಡ. ನನಗೂ ಆದ ಸಂತೋಷ ಅಷ್ಟಿಷ್ಟಲ್ಲ.

ನಿನ್ನೆ ನಮ್ಮ ಮನೆಗೆ ನೆಂಟರು ಬಂದಿದ್ದರು. ಒಳಕೋಣೆಯಲ್ಲೇ ಉಣ್ಣುತ್ತೇನೆಂದು ತಾಟು ಎತ್ತಿಕೊಂಡು ಹೊರಟವನಿಗೆ, ಹಿಂದೆ ಯಾರೋ ರೊಟ್ಟಿ ಮುರಿದ ಸದ್ದು ಕೇಳಿತು. ಗಂಗವ್ವನವರು ತೀರಿಹೋಗಿ ಎಷ್ಟೋ ಕಾಲವಾಯಿತು; ಆದರೂ ಹೊಲದ ಸಾಲಿನ ನಟ್ಟನಡುವೆ ಕೂತ ಅವರು ಕಣ್ಣಿಗೆ ಕಟ್ಟಿದರು. ನಾನೂ ತಿರುಗಿ ಬಂದು ಸಾಲಿನ ನಡುವೆ ಕೂತೆ. ನನ್ನ ರೊಟ್ಟಿಯನ್ನು ಮೊಸರಲ್ಲಿ ನೆನೆಯಲು ಬಿಟ್ಟು, ಬಾಜು ಕೂತವರ ತಾಟಿಗೆ ಬೆಣ್ಣೆ ಹಾಕಿದೆ.