‘ಬ್ಯಾಡ’ ಅಂದದ್ದಕ್ಕೆ

ಸರಿಯಾಗಿ ಹೇಳಿದವರು ತಪ್ಪು ಹೇಳಿದವರ ಮೂಗು ಹಿಡಿದು ಕೆನ್ನೆಗೆ ಬಾರಿಸಬೇಕು. ನಮ್ಮ ಮೇಷ್ಟ್ರ ಪದ್ಧತಿ ಅದು. ಎಡಗೈಯಲ್ಲಿ ಮೂಗನ್ನು ಹಿಂಡಿ ಹಿಡಿದರೆ ಮುಖ ಅಲ್ಲಾಡುವುದಿಲ್ಲ, ಏಟು ಗುರಿ ತಪ್ಪುವುದಿಲ್ಲ. ಬರಗೂರು ಕಡೆಯ ನಮ್ಮ ಶಾಲೆಯಲ್ಲಿ ಸ್ವರಗಳನ್ನು ಹೀಗೆ ಕಲಿಸುತ್ತಿದ್ದರು.

ಅವತ್ತಿನ ಪದ ‘ಬೇಡ’. ಸಾಲಿಗೆ ಸಾಲೇ ‘ಬ್ಯಾಡ’ ಅಂದಿತು. ನಾನೂ ಅಂದೆ. ಶಿರಾ ಪೇಟೆಯಿಂದ ಬಂದು ಸೇರಿದ್ದ ಹುಡುಗಿಯೊಬ್ಬಳು ಮಾತ್ರ ಪುಸ್ತಕದಲ್ಲಿದ್ದಂತೆ ಹೇಳಿದಳು. ಅವಳು ಹೊಡೆಯುತ್ತಾ ಬಂದಳು. ನನ್ನ ತುಟಿ ಹಲ್ಲಿಗೆ ಸಿಕ್ಕಿ ಒಡೆಯಿತು.

ಪಕ್ಕದಲ್ಲಿ ಅಕ್ಕ. ಕಿವಿ ಸೋರುವ ಕಾಯಿಲೆಯಿಂದ ಒಂದು ವರ್ಷ ಕಳೆದುಕೊಂಡು ನನ್ನ ತರಗತಿಗೇ ಬಂದಿದ್ದಳು. ಎಡಗಿವಿಗೆ ಪೆಟ್ಟು ಬಿದ್ದರೆ ಅದು ಹೋದಂತೆಯೇ ಎಂದು ಡಾಕ್ಟರು ಹೇಳಿದ್ದರು. ಕಿವಿಯಲ್ಲಿದ್ದ ಹತ್ತಿ ಕಂಡು ಹುಡುಗಿ ಕೈ ತಡೆದಳು.

“ಸಾ, ಇವ್ಳಿಗೆ ಕಿವಿ ಸರಿ ಇಲ್ಲ ಸಾ.”

“ಅದ್ಕೇ ನಾಲಿಗೇನೂ ಸರಿ ಇಲ್ಲ. ಸರಿ ನೀನು ಆಚೆ.”

ಮೇಷ್ಟ್ರೇ ಅಕ್ಕನ ಮೂಗು ಹಿಡಿದರು.

“ಬ್ಯಾಡ ಸಾ! ಹೊಡೀಬ್ಯಾಡಿ ಸಾ!”

“ನೋಡು, ಮತ್ತೆ ಅದೇ ಬ್ಯಾಡ!”

ಬಲಗೈ ಏಟು ನೇರ ಎಡಗಿವಿಗೆ ಬಿತ್ತು. ಹತ್ತಿ ಹಾರಿತು. ಇನ್ನೊಂದು ಬಿತ್ತು. ಮೂರನೆಯದಕ್ಕೆ ಅವರು ಕೈ ಎತ್ತುವಷ್ಟರಲ್ಲಿ ಅಕ್ಕ ಕೊಸರಿಕೊಂಡು, ಮೂಗು ಹಿಡಿದಿದ್ದ ಕೈಯನ್ನೇ ಹೆಬ್ಬೆರಳಿನ ಬುಡದಲ್ಲಿ ಕಚ್ಚಿದಳು. ಅವರು ತಲೆಗೆ ಗುದ್ದಿದರು, ಬೆಂಚಿಗೆ ಅಪ್ಪಳಿಸಿದರು. ಅವರ ಕೈಯ ರಕ್ತ ಅವಳ ಗಲ್ಲದಿಂದ ಲಂಗಕ್ಕೆ ತೊಟ್ಟಿಕ್ಕಿತು.

“ಅಯ್ಯೋ, ಬುಡೇ! ಬುಡೇ ಲೇ!”

ಅವಳು ಬಿಡಲಿಲ್ಲ. ಮಾಂಸ ಕಿತ್ತು ಬಾಯಿಗೆ ಬಂದ ಮೇಲೆಯೇ ಬಿಟ್ಟದ್ದು.

ಮುಂದೆ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನ ಓದಿದೆ. ನಮ್ಮ ‘ಬ್ಯಾಡ’ದ ಸ್ವರಕ್ಕೂ ಅಲ್ಲಿನ ಸ್ವರಗಳ ನಕ್ಷೆಯಲ್ಲಿ ಒಂದು ಜಾಗವಿತ್ತು, ಅದನ್ನು ಯಾರೂ ತಪ್ಪು ಅನ್ನಲಿಲ್ಲ. ಹಾಸ್ಟೆಲಿನಲ್ಲಿ ಮೇಷ್ಟ್ರ ‘ಬುಡೇ’ಯನ್ನು ಹೇಳಿ ಹೇಳಿ ನಗಿಸಿದೆ. ಎಷ್ಟು ಸಲ ಹೇಳಿದೆನೋ, ಈಗ ಅನುಮಾನ. ನೋವಾದಾಗ ಅವರ ಬಾಯಿಗೂ ನಮ್ಮ ಸ್ವರವೇ ಬಂತು ಎನ್ನುವುದು ತೀರಾ ಚೆನ್ನಾಗಿ ಹೊಂದುತ್ತದೆ. ಇಷ್ಟು ಹೊಂದುವ ನೆನಪನ್ನು ನಾನು ನಂಬುವವನಲ್ಲ. ನಾನೇ ಸೇರಿಸಿರಬಹುದು.

ಮೊನ್ನೆ ಮಧುಗಿರಿಗೆ ಹೋದಾಗ ಅಕ್ಕ ಮುದ್ದೆ ತೊಳಸುತ್ತಿದ್ದಳು. ಬಲಗಡೆ ಹೋಗಿ ನಿಂತು ಕೇಳಿದೆ.

“ಮೇಷ್ಟ್ರು ಅವತ್ತು ‘ಬುಡು’ ಅಂದ್ರಾ, ‘ಬಿಡು’ ಅಂದ್ರಾ?”

“ಇದ್ನೇನ್ಲಾ ನಿಂಗೆ ಅಷ್ಟು ವರ್ಸ ಓದ್ಸಿದ್ದು?” ನಕ್ಕಳು.

“ಹೇಳಕ್ಕ.”

ಕೋಲು ನಿಲ್ಲಿಸಿದಳು. “ನನ್ನೇನ್ ಕೇಳ್ತೀಯ? ಎಲ್ಡ್ನೇ ಏಟಿಗೇ ಎಲ್ಡೂ ಕಿವಿ ಗುಯ್ ಅಂದ್ಬುಟ್ವು. ಬಲ್ದು ಸಂಜೀಕೆ ಬಂತು, ಎಡ್ದು ಬರ್ಲೇ ಇಲ್ಲ. ಅವ್ರು ಬಾಯಿ ಬಡ್ಕಳದು ಕಾಣ್ತಿತ್ತು ಕಣ್ಲಾ, ಅಷ್ಟೇಯ. ಏನಂತಾವ್ರೆ ಅಂತ ಕೇಳ್ಸಿದ್ರೆ ಬುಟ್ಬುಡ್ತಿದ್ನೋ ಏನೋ.”